ಗುಂಡಮ್ಮನ ಹೊಟ್ಟೆಯ ಕಲ್ಲು

"ದಿನಾ ಪಾಲಕ್ ಹಾಕೋದು ಯಾರು ಮೇಡಂ?"

ಪ್ರಾಣಿ ವೈದ್ಯ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ತಿರುಗಿಯೂ ನೋಡದೆ ಕೇಳಿದ. ಗುಂಡಮ್ಮನ ಕಡ್ಡಿಯಂಥ ಎಲುಬುಗಳ ಕೆಳಗೆ, ಮೂತ್ರಕೋಶ ಇರುವ ಜಾಗದಲ್ಲಿ, ಕಡಲೆಕಾಳಿನಷ್ಟು ದಪ್ಪನೆಯ ಬಿಳಿ ಚುಕ್ಕೆ.

"ನಮ್ಮ ಮನೆಯವರು ಮಾಡಿದ ಅಭ್ಯಾಸ," ಎಂದಳು ಅವಳು.

"ಅವರನ್ನೊಂದು ಸಲ ಕಳಿಸಿ. ಗಿನಿಪಿಗ್ ಸಾಕೋರಿಗೆ ಇಷ್ಟಾದ್ರೂ ಗೊತ್ತಿರಬೇಕು. ಪಾಲಕ್‌ನಿಂದ ಕ್ಯಾಲ್ಸಿಯಂ ಜಾಸ್ತಿಯಾದ್ರೆ ಇವು ಮೂತ್ರದಲ್ಲೇ ಹೊರಗೆ ಹಾಕ್ತವೆ. ಅದು ಒಳಗೇ ಕೂತು ಗಟ್ಟಿಯಾಗಿದೆ, ನೋಡಿ."

"ಅವರು ಬರಲ್ಲ."

"ಕೆಲಸ ಇದ್ರೆ ಸಂಜೆ ಬರ್ಲಿ. ನಾನಿರ್ತೀನಿ."

"ಸಂಜೆನೂ ಬರಲ್ಲ."

"ಓಹೋ. ಅಷ್ಟು ಬಿಜಿ ಮನುಷ್ಯರೋ?"

ಟವೆಲ್ಲಿನೊಳಗೆ ಬೆನ್ನು ಗೂನು ಮಾಡಿ ಕೂತಿದ್ದ ಗುಂಡಮ್ಮ ಒಮ್ಮೆ ಚೀರಿತು. ಟವೆಲ್ಲಿನ ಮೇಲೆ ಗುಲಾಬಿ ಬಣ್ಣದ ಒದ್ದೆ ಹರಡಿತು. ಮೂತ್ರ ಮಾಡುವಾಗಲೆಲ್ಲ ಅದೇ ಚೀರು, ಅದೇ ರಕ್ತ.

ವೈದ್ಯನ ದನಿ ತಗ್ಗಿತು. "ತಾನಾಗಿ ಹೊರಗೆ ಬರೋ ಗಾತ್ರ ಅಲ್ಲ ಇದು. ಆಪರೇಷನ್ ಮಾಡ್ಬೇಕು. ಇಷ್ಟು ಚಿಕ್ಕ ಜೀವಕ್ಕೆ ಅರಿವಳಿಕೆ ಅಂದ್ರೆ ನನಗೂ ಭಯಾನೇ. ಮತ್ತೆ ಏಳದೇನೂ ಇರಬಹುದು. ಮನೇಲಿ ಮಾತಾಡಿ ಹೇಳಿ."

"ಮಾತಾಡೋದೇನಿಲ್ಲ. ಮಾಡಿ."

ಅವನು ಆಗ ಅವಳ ಮುಖ ನೋಡಿದ. ಅವಳು ಟವೆಲ್ ಮಡಚುತ್ತಿದ್ದಳು.

ಕಾಲೇಜಿನಲ್ಲಿ ಅವಳು ಹೇಳಿಕೊಡುವುದೇ ರಸಾಯನಶಾಸ್ತ್ರ. ಕ್ಯಾಲ್ಸಿಯಂ ಎಂದು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದಳೋ. ಮನೆಗೆ ಬಂದವಳೇ ಫ್ರಿಜ್ ತೆಗೆದು ಪಾಲಕ್ ಕಟ್ಟನ್ನು ಕಸದ ಬುಟ್ಟಿಗೆ ಎಸೆದಳು. ಆಮೇಲೆ ನೋಡಿದರೆ, ಹಾಲಿನ ಪಾತ್ರೆಯ ಹಿಂದೆ ಬಟ್ಟೆ ಚೀಲದಲ್ಲಿ ಇನ್ನೊಂದು ಕಟ್ಟು.

"ಅದು ನಂದು," ಎಂದರು ಬಾಗಿಲಲ್ಲಿ ನಿಂತಿದ್ದ ಅತ್ತೆ.

"ನಿಮ್ದಾ?"

"ನೀನು ಕಾಲೇಜಿಗೆ ಹೋದ ಮೇಲೆ ಒಂದು ಹಿಡಿ ಹಾಕ್ತಿದ್ದೆ. ಅವನು ದಿನಾ ಬೆಳಿಗ್ಗೆ ಹಾಕ್ತಿದ್ನಲ್ಲ. ನೀನು ಅದನ್ನೆಲ್ಲ ಬಿಟ್ಟುಬಿಟ್ಟಿದ್ದೀಯ ಅಂದ್ಕೊಂಡಿದ್ದೆ ಕಣೇ. ಕೇಳಿದ್ರೆ ಎಲ್ಲಿ ನೊಂದ್ಕೋತೀಯೋ ಅಂತ ಸುಮ್ಮನಿದ್ದೆ."

"ನಾನೂ ಹಾಕ್ತಿದ್ದೆ ಅತ್ತೆ. ನೀವು ಏಳೋಕೆ ಮುಂಚೆ."

ಅತ್ತೆ ಅಲ್ಲೇ ನೆಲದ ಮೇಲೆ ಕೂತರು. "ಇಬ್ಬರೂ ಸೇರಿ ಒಳ್ಳೆ ಕೆಲಸ ಮಾಡಿದ್ವಿ."

ಅವಳೂ ಪಕ್ಕದಲ್ಲಿ ಕೂತಳು. ಫ್ರಿಜ್ಜಿನ ಬಾಗಿಲು ತೆರೆದೇ ಇತ್ತು. ಗಂಡ ಹೋದ ಮೇಲೆ ಅವನ ಮಾತು ಆ ಮನೆಯಲ್ಲಿ ಹೀಗೆ ಬಾಯಿಬಿಟ್ಟು ಬಂದದ್ದು ಅದೇ ಮೊದಲು. ಇಬ್ಬರೂ ಅಳಲಿಲ್ಲ.

ಆಪರೇಷನ್ ದಿನ ಅತ್ತೆಯೂ ಜೊತೆಗೆ ಬಂದರು. ವೈದ್ಯ ಕೈಗವಸು ಹಾಕಿಕೊಳ್ಳುತ್ತಿದ್ದ.

"ನನ್ನ ಮಗನಿಗೆ ಬುದ್ಧಿ ಹೇಳ್ಬೇಕು, ಕಳಿಸಿ ಅಂದ್ರಂತೆ ನೀವು."

"ಬುದ್ಧಿ ಅಂತಲ್ಲಮ್ಮ, ಅವರೊಂದು ಸಲ ಬಂದಿದ್ರೆ..."

"ಬರೋ ಹಾಗಿದ್ರೆ ನಾನೇ ಕಿವಿ ಹಿಂಡ್ಕೊಂಡು ಎಳ್ಕೊಂಡು ಬರ್ತಿದ್ದೆ ಕಣಪ್ಪ. ಅವನು ತೀರ್ಕೊಂಡು ಎರಡನೇ ವರ್ಷ."

ಅರ್ಧ ಹಾಕಿದ ಕೈಗವಸು ಅರ್ಧದಲ್ಲೇ ನಿಂತಿತು. ಅವನು ಅವಳ ಕಡೆ ತಿರುಗಿದ. ಕ್ಷಮಿಸಿ ಎನ್ನಲಿಲ್ಲ. ಅಯ್ಯೋ ಎನ್ನಲೂ ಇಲ್ಲ. ಆ ಎರಡು ಮಾತುಗಳನ್ನು ಕೇಳಿ ಕೇಳಿ ಅವಳ ಕಿವಿ ಜಡ್ಡುಗಟ್ಟಿತ್ತು. ಅವನು ಪಂಜರವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, "ಹುಷಾರಾಗಿ ನೋಡ್ಕೋತೀನಿ," ಎಂದಷ್ಟೇ ಹೇಳಿ ಒಳಗೆ ಹೋದ.

ಬೆಂಚಿನ ಮೇಲೆ ಕಾಯುವುದು ಅವಳಿಗೆ ಹೊಸದಲ್ಲ. ಹಿಂದೊಮ್ಮೆ ಇಂಥದ್ದೇ ಬಾಗಿಲು ನೋಡುತ್ತ ಕೂತಿದ್ದಳು. ಹೊರಗೆ ಬಂದವರ ಮುಖ ನೋಡಿದೊಡನೆ ಎಲ್ಲ ತಿಳಿದುಹೋಗಿತ್ತು. ಅದಕ್ಕೇ ಇವತ್ತು ಬಾಗಿಲು ತೆರೆದಾಗ ತಲೆ ಎತ್ತಲಿಲ್ಲ.

ಅವನು ಅವಳೆದುರು ಮಂಡಿಯೂರಿ ಕೂತ, ಅವಳ ತಗ್ಗಿದ ಕಣ್ಣಿಗೆ ಕಾಣುವ ಹಾಗೆ. "ಕಲ್ಲು ಬಂತು. ಉಸಿರು ಚೆನ್ನಾಗಿದೆ."

ಅವಳು ಉಸಿರು ಬಿಟ್ಟಳು.

"ಆದ್ರೆ ಕಷ್ಟ ಮುಗಿದಿಲ್ಲ. ಇವು ತಿನ್ನೋದು ನಿಲ್ಲಿಸಿದ್ರೆ ಹೊಟ್ಟೇನೇ ನಿಂತುಹೋಗುತ್ತೆ. ನೋವಿಗೆ ಬಾಯೇ ತೆರೆಯಲ್ಲ. ನೀವೇ ತಿನ್ನಿಸ್ಬೇಕು. ಬನ್ನಿ, ತೋರಿಸ್ತೀನಿ."

ಹುಲ್ಲಿನ ಪುಡಿಯನ್ನು ನೀರಿನಲ್ಲಿ ಕಲಸಿ, ಸೂಜಿಯಿಲ್ಲದ ಸಿರಿಂಜಿನಲ್ಲಿ ತುಂಬಿ, ಬಾಯಿಯ ಪಕ್ಕದಿಂದ ತೊಟ್ಟುತೊಟ್ಟಾಗಿ ಬಿಡಬೇಕು. ಅವಳು ಮೊದಲ ಸಲ ಜೋರಾಗಿ ಒತ್ತಿಬಿಟ್ಟಳು. ಅವನು ತನ್ನ ಬೆರಳನ್ನು ಅವಳ ಬೆರಳ ಮೇಲಿಟ್ಟ.

"ಮೆಲ್ಲಗೆ. ಅವಳು ನುಂಗಿದ ಮೇಲೆ ಇನ್ನೊಂದು. ಹಾಂ... ಹಾಗೆ."

ಕೆಲಸದ ಮುಟ್ಟುವಿಕೆ, ಅಷ್ಟೇ. ಆದರೂ ಮನೆಗೆ ಹೋಗುವ ದಾರಿಯುದ್ದಕ್ಕೂ ಆ ಕೈಯನ್ನು ಅವಳು ಬೇರೆಯವರ ವಸ್ತುವಿನ ಹಾಗೆ ಮಡಿಲಲ್ಲಿ ಇಟ್ಟುಕೊಂಡಿದ್ದಳು.

ಗುಂಡಮ್ಮ ತಾನಾಗಿ ಒಂದು ಎಸಳು ಹುಲ್ಲನ್ನೂ ಮುಟ್ಟಲಿಲ್ಲ. ಅವಳು ರಜೆ ಹಾಕಿ ಹೊತ್ತುಹೊತ್ತಿಗೆ ತಿನ್ನಿಸಿದಳು, ನೀರು ಕುಡಿಸಿದಳು, ಹೊಲಿಗೆ ನೋಡಿದಳು. ಕ್ಲಿನಿಕ್ ಮುಚ್ಚಿದ ಮೇಲೆ ಸಂಜೆ ಅವನು ಬರುತ್ತಿದ್ದ. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಗುಂಡಮ್ಮನನ್ನು ಕೂರಿಸಿ ತೂಕ ನೋಡುತ್ತಿದ್ದ. ತೂಕ ಇಳಿಯುತ್ತಲೇ ಇತ್ತು.

"ಇವಳನ್ನ ನೋಡಿದ್ರೆ ನನಗೆ ಭಯ ಆಗ್ತಿದೆ ಡಾಕ್ಟ್ರೇ."

"ನನಗೆ ನಿಮ್ಮನ್ನ ನೋಡಿದ್ರೆ ಭಯ. ನೀವು ತಿಂದ್ರಾ?"

"ನನ್ನ ತೂಕಾನೂ ನೋಡ್ತೀರಾ?"

"ತಕ್ಕಡಿ ಸಾಲಲ್ಲ," ಎಂದ. ಎಂದವನ ಕಿವಿ ಕೆಂಪಾಯಿತು. "ಅಂದ್ರೆ, ದಪ್ಪ ಅಂತ ಅಲ್ಲ."

ಅವಳು ನಕ್ಕಳು. ಒಳಗೆ ಪಾತ್ರೆ ತೊಳೆಯುತ್ತಿದ್ದ ಸದ್ದು ಥಟ್ಟನೆ ನಿಂತಿತು. ಸೊಸೆಯ ನಗು ಕೇಳಿ ಅತ್ತೆಗೆ ಬಹಳ ಕಾಲವಾಗಿತ್ತು.

ಮರುಸಂಜೆ ಅವನು ತಡಮಾಡಿದ. ಅವಳು ಕಿಟಕಿಗೂ ಪಂಜರಕ್ಕೂ ಓಡಾಡಿದಳು. ಇವತ್ತು ತೂಕ ಏರಿದ್ದರೆ ನಾಳೆ ಬರುತ್ತಾನೋ ಇಲ್ಲವೋ ಎಂದು ಯೋಚಿಸುತ್ತಿದ್ದಳು. ಯೋಚಿಸುತ್ತಿದ್ದದ್ದು ಏನೆಂದು ಅರಿವಾದೊಡನೆ ನಿಂತುಬಿಟ್ಟಳು. ಗಂಡ ಅಂಗೈಯಲ್ಲಿಟ್ಟು ಬೆಳೆಸಿದ ಜೀವ ಬೇಗ ಗುಣವಾಗದಿರಲಿ ಎಂದು ತಾನು ಆಸೆಪಟ್ಟೆನೇ? ಅವಳು ಪಂಜರದ ಮುಂದೆ ಕೂತು, "ತಿನ್ನೇ, ದಮ್ಮಯ್ಯ ತಿನ್ನೇ," ಎಂದಳು. ಆ ಸಂಜೆ ಅವನು ಬಂದಾಗ ಬಾಗಿಲೇನೋ ತೆರೆದಳು, ಮುಖ ಕೊಟ್ಟು ಮಾತಾಡಲಿಲ್ಲ. ಅವನು ತೂಕ ನೋಡಿ, ತಕ್ಕಡಿಯನ್ನು ಬೇಗನೆ ಸೊನ್ನೆಗೆ ತಂದು, "ನಾಳೆ ಮತ್ತೆ ನೋಡೋಣ," ಎಂದು ಹೊರಟುಹೋದ.

ಬೆಳಿಗ್ಗೆ, ಪಂಜರದ ಪಕ್ಕ ಕೂತಲ್ಲೇ ತೂಕಡಿಸುತ್ತಿದ್ದ ಅವಳಿಗೆ ಎಚ್ಚರವಾದದ್ದು ಕಟಕಟ ಸದ್ದಿಗೆ. ಗುಂಡಮ್ಮ ಹುಲ್ಲು ಮೆಲ್ಲುತ್ತಿತ್ತು. ಮೆಲ್ಲುತ್ತಲೇ ಮೂಲೆಗೆ ಹೋಗಿ ಮೂತ್ರ ಮಾಡಿತು. ಚೀರಲಿಲ್ಲ. ಒದ್ದೆಯಲ್ಲಿ ಕೆಂಪೂ ಇರಲಿಲ್ಲ.

ಅವಳು ಫೋನ್ ಎತ್ತಿಕೊಂಡಳು. ಅವನ ನಂಬರ್ ತೆಗೆದಳು. ಮತ್ತೆ ಕೆಳಗಿಟ್ಟಳು.

ದಿನವಿಡೀ ಆ ಫೋನ್ ಅವಳನ್ನು ಚುಚ್ಚಿತು. ಸಂಜೆ ಅವನು ಬಂದು ಚಪ್ಪಲಿ ಬಿಡುವುದರೊಳಗೆ, ಬಾಗಿಲಲ್ಲೇ, ಪಾಠ ಒಪ್ಪಿಸುವವಳ ಹಾಗೆ ಹೇಳಿದಳು: "ಇವಳು ಬೆಳಿಗ್ಗೆಯಿಂದ ತಿಂತಿದ್ದಾಳೆ. ಚೀರಲೂ ಇಲ್ಲ. ನಾನು ನಿಮಗೆ ಫೋನ್ ಮಾಡಿ ಹೇಳ್ಬೇಕಿತ್ತು. ಹೇಳ್ಲಿಲ್ಲ."

"ಯಾಕೆ?"

"ಹೇಳಿದ್ರೆ ನೀವು ಬರ್ತಿರಲಿಲ್ಲ."

ಒಂದು ಚಪ್ಪಲಿ ಕಾಲಲ್ಲೇ ಇತ್ತು. ಅವನು ಅವಳನ್ನು ನೋಡಿದ, ಎಕ್ಸ್‌ರೇ ನೋಡುವಷ್ಟು ಹೊತ್ತು.

"ನಿನ್ನೆ ಸಂಜೇನೇ ತೂಕ ಏರಿತ್ತು," ಎಂದ. "ನೀವು ನೋಡೋ ಮುಂಚೆ ಸೊನ್ನೆ ಮಾಡಿದೆ. ರಾತ್ರಿ ತಿನ್ನೋಕೆ ಶುರು ಮಾಡ್ತಾಳೆ ಅಂತ ಗೊತ್ತಿತ್ತು. ನಿಮಗೆ ಅಷ್ಟು ಭಯ ಇದ್ದಾಗ ಹೇಳದೆ ಹೋಗಿದ್ದು ತಪ್ಪು. ನಿಮಗಿದ್ದ ಕಾರಣಾನೇ ನನಗೂ ಇದ್ದದ್ದು."

ಅವಳಿಗೆ ಸಿಟ್ಟು ಬಂತು. ನಿನ್ನೆಯ ರಾತ್ರಿಯೆಲ್ಲ ತಾನು ಪಂಜರದ ಪಕ್ಕ ಕೂತದ್ದು ನೆನಪಾಗಿ ಕಣ್ಣು ತುಂಬಿತು. "ನೀವೆಂಥ ಡಾಕ್ಟ್ರು ರೀ!"

"ಕೆಟ್ಟ ಡಾಕ್ಟ್ರು. ಬಯ್ಯಿರಿ."

"ಬಯ್ಯೋಕೆ ನಾಳೆ ಬನ್ನಿ," ಎಂದಳು. "ತಕ್ಕಡಿ ಮುಟ್ಟೋ ಹಾಗಿಲ್ಲ. ಸುಮ್ಮನೆ ಬನ್ನಿ. ನನಗೆ ಇದೆಲ್ಲ ಮರೆತುಹೋಗಿದೆ. ನಿಧಾನ ಆಗುತ್ತೆ."

"ತೊಟ್ಟುತೊಟ್ಟಾಗಿ ತಾನೇ? ನನಗೆ ಅಭ್ಯಾಸ ಇದೆ."

ಒಳಗಿನಿಂದ ಅತ್ತೆಯ ದನಿ ಬಂತು. "ಇಬ್ಬರೂ ಹೊಸಲಲ್ಲೇ ನಿಂತಿರ್ತೀರೋ, ಒಳಗೆ ಬರ್ತೀರೋ? ಮೂರು ತಟ್ಟೆ ಹಾಕಿದ್ದೀನಿ."

ಅವಳು ಬಾಗಿಲಿನಿಂದ ಪಕ್ಕಕ್ಕೆ ಸರಿದು ನಿಂತಳು. ಅವನು ಇನ್ನೊಂದು ಚಪ್ಪಲಿಯನ್ನೂ ಬಿಟ್ಟ.