ಗಂಟೆಯ ನಾಲಿಗೆಗೆ ಸುತ್ತಿದ ತುಪ್ಪಳ

ನಮ್ಮ ನಾರ್ಮಂಡಿ ಬಂದರಿನ ಹಳೆಯ ಹಡಗು ನಿಲ್ದಾಣ ಈಗ ಮ್ಯೂಸಿಯಂ. ಮಂಗಳವಾರ ಬೆಳಿಗ್ಗೆ ಬಾಗಿಲು ತೆಗೆದಾಗ ಅದರ ದೊಡ್ಡ ಹಜಾರದ ಕೊಕ್ಕೆ ಬರಿದಾಗಿತ್ತು. ‘ಅವ್ರಾಂಶ್’ ಹಡಗಿನ ಕಂಚಿನ ಗಂಟೆ ಮಾಯ! ಅದನ್ನು ಬಾರಿಸಿದರೆ ಕಡಲಾಚೆ ಇಂಗ್ಲೆಂಡಿನ ಹಸುಗಳು ಹೆದರಿ ಹಾಲು ನಿಲ್ಲಿಸುತ್ತಿದ್ದವು. ಸುಳ್ಳಲ್ಲ.

ಇನ್ಸ್‌ಪೆಕ್ಟರ್ ಒದೀಲ್ ಮೋಜೆ ಬರುವಷ್ಟರಲ್ಲಿ ಗಂಟೆ ಸಿಕ್ಕಿಯೂ ಆಗಿತ್ತು. ಇಷ್ಟು ಸಲೀಸಾಗಿ ಸಿಕ್ಕಿದ್ದೇ ಅವಳಿಗೆ ಸಿಟ್ಟು ತರಿಸಿತು. ಒದೀಲಳ ಸಿಟ್ಟೆಂದರೆ ಸಾಮಾನ್ಯವೇ? ಅವಳು ಗದರಿದರೆ ಕಡಲಹಕ್ಕಿಗಳು ಕೊಕ್ಕಿನ ಮೀನು ಕೆಳಗಿಟ್ಟು ಕ್ಷಮೆ ಕೇಳುತ್ತಿದ್ದವು.

ಮ್ಯೂಸಿಯಂ ನಿರ್ದೇಶಕ ರುಸೆಲ್ ಕಾವಲುಗಾರ ಅನ್ಸೆಲ್ಮ್‌ನ ಕಪಾಟನ್ನು ತೆರೆದು ತೋರಿಸಿದ. ಒಳಗೆ ಗಂಟೆ. ಸದ್ದಾಗದಿರಲೆಂದು ಅದರ ನಾಲಿಗೆಗೆ ಮೊಲದ ತುಪ್ಪಳ ಸುತ್ತಿತ್ತು.

"ಕಪಾಟು ಇವನದು, ಹಜಾರದ ಕೀ ಇವನ ಹತ್ರ. ಇನ್ನೇನು ಬೇಕು ಮೇಡಂ? ಬೇಡಿ ಹಾಕಿ!"

ಅನ್ಸೆಲ್ಮ್ ಅದೇ ಹಡಗಿನ ಎಂಜಿನ್ ಕೋಣೆಯಲ್ಲಿ ಇಪ್ಪತ್ತು ವರ್ಷ ಬೆಂದವನು. ತುಪ್ಪಳ ಕಂಡದ್ದೇ ತಡ, ನಾಲ್ಕು ಮಾರು ಹಿಂದಕ್ಕೆ ಜಿಗಿದ.

"ನೋಡಿ, ಕಳ್ಳನಿಗೆ ನಡುಕ!" ಎಂದ ರುಸೆಲ್.

"ನಮ್ಮ ಏಳು ಜನರ ಹೆಣ ಸಮುದ್ರಕ್ಕೆ ಇಳಿಸಿದ್ದು ಈ ಗಂಟೆ ಬಾರಿಸೇ ತಾಯಿ," ಎಂದ ಮುದುಕ. "ಇದನ್ನ ನಾನು ಕದೀತೀನಾ?"

"ಚರ್ಮ ಆ ಹೋಟ್ಲು ಜೋಸೆತ್ ಅಡುಗೆಮನೆಯಿಂದ ಕೊಟ್ಟಿರ್ತಾಳೆ. ದಿನಾ ಅಲ್ಲೇ ಬಿದ್ದಿರ್ತಾನೆ," ಎಂದ ರುಸೆಲ್.

* * *

ಒದೀಲ್ ಹೋಟೆಲಿಗೆ ಹೋಗಿ ಮೊಲದ ಚರ್ಮದ ಬಗ್ಗೆ ಕೇಳಿದಾಗ ಜೋಸೆತ್ ಸೌಟು ಎತ್ತಿದಳು.

"ಆ ಪ್ರಾಣಿನಾ? ನನ್ನ ಅಡುಗೆಮನೇಲಾ? ನಾವಿಕರು ಅಂಗಡಿಗೇ ಬೆಂಕಿ ಇಡ್ತಾರೆ! ಹಿಂದೆ ಹಡಗಿನ ಹಗ್ಗ ಕಡಿದು ಹಡಗೇ ಮುಳುಗಿಸಿದ ಪೀಡೆ ಅದು. ಹೆಸರೂ ಎತ್ತಲ್ಲ ನಾವು, ಉದ್ದಕಿವಿ ಅಂತೀವಿ. ಅದನ್ನ ಮುಟ್ಟೋ ಬದಲು ಅನ್ಸೆಲ್ಮಣ್ಣ ಕೈನೇ ಕಡ್ಕೋತಾನೆ."

"ರುಸೆಲ್‌ಗೆ ಅವನ ಮೇಲೆ ಯಾಕಮ್ಮ ಅಷ್ಟು ಹಗೆ?"

"ಹಜಾರಾನ ಮದುವೆ ಪಾರ್ಟಿಗೆ ಬಾಡಿಗೆ ಕೊಡಬೇಡಿ ಅಂತ ನಗರಸಭೆಗೆ ಅರ್ಜಿ ಹಾಕಿದ್ನಲ್ಲ, ಅದಕ್ಕೇ."

* * *

ಮ್ಯೂಸಿಯಂಗೆ ಮರಳಿದ ಒದೀಲ್ ತುಪ್ಪಳವನ್ನು ತಿರುಗಿಸಿ ನೋಡಿದಳು. ಹಿಂಬದಿಯಲ್ಲಿ ಸೂಜಿಯ ತೂತುಗಳ ಸಾಲು. ಅಡುಗೆಮನೆಯ ಚರ್ಮವಲ್ಲ, ಹೊಲಿದ ಬಟ್ಟೆಯದು. ಬಿರುಗಾಳಿಯಂತೆ ಹಜಾರ ಸುತ್ತಿದಳು. ಗಾಜಿನ ಪೆಟ್ಟಿಗೆಯೊಂದರಲ್ಲಿ ಹಳೆಯ ಪ್ರಯಾಣಿಕಳೊಬ್ಬಳ ಮೇಲಂಗಿ. ಅಂಚಿನಲ್ಲಿ ಒಂದು ಗೇಣು ತುಪ್ಪಳ ಕತ್ತರಿಸಿ ಹೋಗಿತ್ತು. ಗಾಜು ಒಡೆದಿರಲಿಲ್ಲ. ಬೀಗ ಮುರಿದಿರಲಿಲ್ಲ.

"ಈ ಪೆಟ್ಟಿಗೆ ಕೀ ಯಾರ ಹತ್ರ ಇದೆ?"

ರುಸೆಲ್‌ನ ಕೈ ತಾನಾಗಿ ಸೊಂಟದ ಕೀ ಗೊಂಚಲು ಮುಚ್ಚಿತು.

"ನಿಮ್ಮ ಒಬ್ಬರ ಹತ್ರಾನೇ, ಅಲ್ವಾ?" ಒದೀಲ್ ಗುಡುಗಿದಳು. ಛಾವಣಿಯ ಎರಡು ಹೆಂಚು ಅಲ್ಲೇ ರಾಜೀನಾಮೆ ಕೊಟ್ಟವು. "ಈ ಬಂದರಿನ ಕಳ್ಳ ಆಗಿದ್ರೆ ಟವೆಲ್ ಸುತ್ತಿರ್ತಿದ್ದ, ಕಾಲುಚೀಲ ಸುತ್ತಿರ್ತಿದ್ದ. ಉದ್ದಕಿವಿದು ಸುತ್ತೋಕೆ ಕಡಲೇ ಗೊತ್ತಿಲ್ಲದವನು ಬೇಕು. ಇಲ್ಲಿ ಅಂಥವರು ಒಬ್ಬರೇ. ಹೋದ ತಿಂಗಳು ಪ್ಯಾರಿಸ್ಸಿಂದ ಬಂದ ನೀವು! ಅರ್ಜಿ ಬರೆದ ಮುದುಕನ್ನ ಓಡಿಸೋಕೆ ಕಳ್ಳನ ಪಟ್ಟ ಕಟ್ಟಿದ್ರಾ? ಥೂ!"

"ಬರೀ... ಹೆದರಿಸೋಣ ಅಂತ..." ರುಸೆಲ್ ತೊದಲಿದ.

"ಆ ತುಪ್ಪಳ ಎತ್ಕೊಳ್ಳಿ. ಜೀಪಿನವರೆಗೂ ನೀವೇ ಹೊರಬೇಕು."

ತುಪ್ಪಳ ಹೊಸ್ತಿಲು ದಾಟುವವರೆಗೂ ಅನ್ಸೆಲ್ಮ್ ಅಲುಗಲಿಲ್ಲ. ಆಮೇಲೆ ಗಂಟೆಯನ್ನು ಕೊಕ್ಕೆಗೆ ಏರಿಸಿದ. ಹಲ್ಲು ಕಚ್ಚಿ ಬಾರಿಸಿದ, ಒಬ್ಬೊಬ್ಬ ಗೆಳೆಯನಿಗೂ ಒಂದೊಂದು, ಒಟ್ಟು ಏಳು ಏಟು. ಜೀಪಿನಲ್ಲಿ ಕೂತ ರುಸೆಲ್ ಏಳು ಸಲವೂ ಬೆಚ್ಚಿದ.

ಆ ವಾರ ಇಂಗ್ಲೆಂಡಿನಲ್ಲಿ ಯಾರಿಗೂ ಹಾಲು ಸಿಗಲಿಲ್ಲ.