ಕೇಬಲ್ ಮಾಂತುವಿನ ಡಬ್ಬಿ

ಡಬ್ಬಿಯನ್ನು ಯಾರೋ ಚಚ್ಚಿ ಪುಡಿ ಮಾಡಿದ್ದರು. ವಿಮಾನ ನಗರದ ಆ ಗಲ್ಲಿಯ ಇನ್ನೂರು ಮನೆಗಳಿಗೆ ಇಂಟರ್ನೆಟ್ ಹಂಚುತ್ತಿದ್ದ ಯಂತ್ರ, ನಾಲ್ಕನೆಯ ಮಹಡಿಯ ತಾರಸಿಯ ಮೇಲೆ ಅನಾಥವಾಗಿ ಬಿದ್ದಿತ್ತು. ೨೦೦೪ನೆಯ ಇಸವಿ, ಶುಕ್ರವಾರ ಬೆಳಿಗ್ಗೆ. ಅದರ ಮಾಲೀಕ ಕೇಬಲ್ ಮಾಂತು ಪೊಲೀಸರ ಮುಂದೆ ಎದೆ ಬಡಿದುಕೊಳ್ಳುತ್ತಿದ್ದ.

“ಸದಾನಂದಂದ ಕೆಲಸರಿ ಸಾಹೇಬ್ರ. ನಿನ್ನೆ ಮುಂಜಾನಿ ಭೋರ್ ಊರಿಗೆ ಹೋಗಿದ್ದೆ. ಸಂಜಿಗೆ ಬಂದು ನೋಡ್ತೀನಿ, ಹಿಂಗ ಬಿದ್ದದ. ಬುಧವಾರ ಹತ್ತು ಮಂದಿ ಮುಂದ ‘ನಿನ್ನ ಡಬ್ಬಿ ಒಡೀತೇನೆ’ ಅಂದಿದ್ದಾನ.”

ಇನ್ಸ್‌ಪೆಕ್ಟರ್ ಮಲಕಪ್ಪ ತಲೆಯಾಡಿಸಿದರು. ಸದಾನಂದನನ್ನು ಆಗಲೇ ಪೊಲೀಸ್ ಚೌಕಿಯಲ್ಲಿ ಕೂಡಿಸಿ ಬಂದಿದ್ದರು.

ಅಷ್ಟರಲ್ಲಿ ಏದುಸಿರು ಬಿಡುತ್ತ ಬಸವಣ್ಣೆವ್ವ ಮೆಟ್ಟಿಲೇರಿ ಬಂದಳು. ಮೂವತ್ತು ವರ್ಷ ಟ್ರಂಕ್ ಕಾಲ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ದುಡಿದು ನಿವೃತ್ತಳಾದವಳು. ಮಾಂತುವನ್ನು ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು. ಅದನ್ನು ಮುಚ್ಚಿಡುವ ಗೋಜಿಗೂ ಅವಳು ಹೋಗುತ್ತಿರಲಿಲ್ಲ.

ಕಾರಣವಿತ್ತು. ಉಡುಪಿ ಕಡೆಯ ಸದಾನಂದ, ಶಿವಾಜಿನಗರದಲ್ಲಿ ಭಾವನ ಹೋಟೆಲಿನ ಟೇಬಲ್ ಒರೆಸುವುದನ್ನು ಬಿಟ್ಟು, ಇಲ್ಲಿ ಮಾಂತುವಿನ ಡಬ್ಬಿಯಿಂದಲೇ ವಯರ್ ಎಳೆಸಿಕೊಂಡು, ಇಂಟರ್ನೆಟ್ ಮೂಲಕ ಅಗ್ಗದಲ್ಲಿ ವಿದೇಶಕ್ಕೆ ಮಾತಾಡುವ ನೆಟ್ ಫೋನ್ ಬೂತ್ ತೆರೆದಿದ್ದ. ನೈರೋಬಿ, ಟೆಹರಾನ್‌ಗಳಿಗೆ ಮಾತಾಡುವ ವಿದ್ಯಾರ್ಥಿಗಳು ಸಾಲುಗಟ್ಟಿದ್ದರು. ಆಮೇಲೆ ಎದುರಿಗೇ ಮಾಂತು ತನ್ನದೂ ಒಂದು ಬೂತ್ ತೆರೆದ. ಅಂದಿನಿಂದ ಸದಾನಂದನ ಬೂತಿನಲ್ಲಿ ದನಿ ತುಂಡು ತುಂಡು. ಕೇಳಿದರೆ ಮಾಂತು “ಇನ್ನೂರು ಮನಿ, ಲೋಡ್ ಭಾಳ ಅದ” ಎನ್ನುತ್ತಿದ್ದ. ಬೂತ್ ಮುಚ್ಚಿದರೆ ಸದಾನಂದ ಮತ್ತೆ ಭಾವನ ಮುಂದೆ ತಲೆ ತಗ್ಗಿಸಿ ನಿಲ್ಲಬೇಕು. ಕೊನೆಗೆ ಸರ್ಕಾರಕ್ಕೇ ದೂರು ಬರೆದಿದ್ದ. ಡಬ್ಬಿಯನ್ನು ತಪಾಸಣೆ ಮಾಡಲು ಅಧಿಕಾರಿ ಬರಬೇಕಾಗಿದ್ದದ್ದು ಇವತ್ತೇ.

“ತಪಾಸಣೆ ಆಗ್ಲಿ ಅಂತ ದೂರು ಕೊಟ್ಟಾಂವ, ಹಿಂದಿನ ದಿನಾನೇ ಡಬ್ಬಿ ಯಾಕ ಒಡೀತಾನ್ರಿ ಸಾಹೇಬ್ರ?” ಎಂದಳು ಬಸವಣ್ಣೆವ್ವ.

“ಸಿಟ್ಟು ಅಕ್ಕಾರ. ಸಿಟ್ಟಿಗೆ ಲೆಕ್ಕಾಚಾರ ಇರೂದಿಲ್ಲ.”

“ಹಂಗಿದ್ರ ಇದನ್ನ ನೋಡ್ರಿ.”

ಅವಳು ಚೀಲದಿಂದ ಚೀಟಿಯೊಂದನ್ನು ತೆಗೆದಳು. ಎಕ್ಸ್‌ಚೇಂಜಿನ ಚಟ ಬಿಟ್ಟಿರಲಿಲ್ಲ. ಯಾವ ಕಾಲ್ ಮಾಡಿದರೂ ಶುರುವಾದ ಹೊತ್ತು, ಮುಗಿದ ಹೊತ್ತು, ದನಿಯ ಗುಣ ಬರೆದಿಡುತ್ತಿದ್ದಳು. ಮಸ್ಕತ್‌ನಲ್ಲಿ ನರ್ಸ್ ಆಗಿರುವ ತಂಗಿಯ ಮಗಳು ಸ್ನೇಹಲ್‌ಗೆ ಗುರುವಾರ ಮಾಡಿದ ಕಾಲ್ ಅದು. ‘ಶುರು ೪-೧೦. ಕರೆಂಟ್ ಇಲ್ಲ, ಜನರೇಟರ್. ದನಿ ತುಂಡು. ೪-೨೨ಕ್ಕೆ ಲೈನ್ ಸತ್ತಿತು.’

“ಡಬ್ಬಿ ಸತ್ತದ್ದು ಆವಾಗ. ಆ ಹೊತ್ತಿನಾಗ ಸದಾನಂದ ನನ್ನ ಎದುರಿಗೇ ಕುಂತಿದ್ದ. ನಂಬಿಕಿ ಇಲ್ಲಂದ್ರ ಅವನ ಕಂಪ್ಯೂಟರ್‌ದಾಗಿನ ಕಾಲ್ ಪಟ್ಟಿ ನೋಡ್ರಿ.”

ಮಲಕಪ್ಪ ಹೋಗಿ ನೋಡಿ ಬಂದರು. ಪಟ್ಟಿಯಲ್ಲೂ ಅದೇ ಹೊತ್ತಿತ್ತು.

“ಅಂದ್ರ ಬ್ಯಾರೆ ಕೇಬಲ್‌ನವರ ಗ್ಯಾಂಗ್ ಇರಬೇಕು.”

“ಅವರಾಗಿದ್ರ ಮೊದಲು ಟಿವಿ ವಯರ್ ಕತ್ತರಿಸ್ತಿದ್ರು.” ಬಸವಣ್ಣೆವ್ವ ಪಕ್ಕದಲ್ಲೇ ಇದ್ದ, ಮಾಂತುವಿನದೇ ಕೇಬಲ್ ಟಿವಿ ಯಂತ್ರವನ್ನು ತೋರಿಸಿದಳು. ಅದರ ಮೇಲೆ ಒಂದು ಗೀರೂ ಇರಲಿಲ್ಲ.

* * *

ಅವಳು ನೇರವಾಗಿ ಮಾಂತುವಿನ ಬೂತಿಗೆ ಹೋದಳು. ಮಲಕಪ್ಪ ಹಿಂದೆಯೇ ಬಂದು ಬಾಗಿಲ ಬಳಿ ನಿಂತರು. ಒಳಗೆ ಕಾಲಿಡಲು ಜಾಗವಿರಲಿಲ್ಲ. ಸದಾನಂದನ ಗಿರಾಕಿಗಳೆಲ್ಲ ಇಲ್ಲೇ ಇದ್ದರು. ಗಲ್ಲಾಪೆಟ್ಟಿಗೆಯ ಮುಂದೆ ಮಾಂತುವಿನ ಹೆಂಡತಿ ಗೋದಾ ಕೂತಿದ್ದಳು.

“ಬರ್ರಿ ಮಾವಶಿ. ಎಲ್ಲಿಗಿ ಹಚ್ಚಲಿ?”

“ಮಸ್ಕತ್‌ಗೆ.”

ಸ್ನೇಹಲ್ ಉಸಿರಾಡುವುದೂ ಕೇಳಿಸುತ್ತಿತ್ತು. ಬಸವಣ್ಣೆವ್ವ ಎರಡೇ ಮಾತಾಡಿ ಫೋನ್ ಇಟ್ಟಳು.

“ಗಲ್ಲಿಗೆಲ್ಲಾ ನೆಟ್ ಇಲ್ಲ. ನಿಮ್ಮಲ್ಲಿ ಹೆಂಗ ಅದ ತಾಯಿ?”

ಗೋದಾ ಹೆಮ್ಮೆಯಿಂದ ಹೇಳಿದಳು. “ಬುಧವಾರನೇ ಇವ್ರು ನೆಟ್ ಕಂಪನಿಯಿಂದ ನೇರ ವಯರ್ ಎಳಸಿದ್ರು. ‘ಹಳೇ ಲೈನ್ ನಾಳಿಂದ ಇರೂದಿಲ್ಲ’ ಅಂತ ಅವತ್ತೇ ಅಂದಿದ್ರು.”

ಮಲಕಪ್ಪ ಅಲ್ಲಿಂದಲೇ ಭೋರ್‌ಗೆ ಫೋನ್ ಮಾಡಿದರು. ಗುರುವಾರ ಮಾಂತು ಅಲ್ಲಿಂದ ಮಧ್ಯಾಹ್ನ ಎರಡಕ್ಕೇ ಹೊರಟಿದ್ದ; ನಾಲ್ಕರ ಹೊತ್ತಿಗೆ ಗಲ್ಲಿ ಮುಟ್ಟಬಹುದಿತ್ತು.

* * *

ಚೌಕಿಯಲ್ಲಿ ಮಾಂತು ಮೊದಲು ಕಿರುಚಾಡಿದ. ಬಸವಣ್ಣೆವ್ವನ ದನಿ ಅದಕ್ಕಿಂತ ದೊಡ್ಡದಾಗಿತ್ತು.

“ಲೋಡ್ ಅಂತಿದ್ದೆಲ್ಲೋ? ಗುರುವಾರ ಐದರ ತನಕ ಗಲ್ಲಿಗೆ ಕರೆಂಟ್ ಇರಲಿಲ್ಲ. ಇನ್ನೂರು ಮನಿ ಕಂಪ್ಯೂಟರ್ ಬಂದ್. ನಿನ್ನ ಡಬ್ಬಿ ಬ್ಯಾಟರಿ ಮ್ಯಾಲೆ ನಡೀತಿತ್ತು. ಜನರೇಟರ್ ಇದ್ದದ್ದು ಸದಾನಂದಗ ಒಬ್ಬಗ. ಆದ್ರೂ ನನ್ನ ಕಾಲ್‌ದಾಗ ದನಿ ತುಂಡು. ರಸ್ತಾ ಖಾಲಿ ಇದ್ದಾಗೂ ಅವನ ಗಾಡಿ ಯಾಕ ನಿಂತಿತ್ತು? ನೀನೇ ತಡದಿದ್ದಿ. ಇವತ್ತು ಅಧಿಕಾರಿ ಡಬ್ಬಿ ತೆರೆದಿದ್ರ ಎಲ್ಲಾ ಕಾಣ್ತಿತ್ತು. ಅದಕ್ಕ ನೀನೇ ಒಡದಿ. ನಿನ್ನ ಬೂತ್ ಮಾತ್ರ ಒಂದು ದಿನಾನೂ ಮುಚ್ಚಬಾರದು ಅಂತ ಆಸೆ ಬಿತ್ತು. ಅಲ್ಲೇ ಸಿಕ್ಕಿಬಿದ್ದಿ.”

ಮಾಂತು ತುಟಿ ಒರೆಸಿಕೊಂಡ.

“ಹೌದು, ತಡದೀನಿ. ವಯರ್ ನಂದು. ಯಾರ ಮಾತು ಮುಂದ ಹೋಗಬೇಕು, ಯಾರ್ದು ಹಿಂದ, ನಾ ಹೇಳಾಂವ. ಸರ್ಕಾರದವ್ರು ನಡುವ ಯಾಕ ಬರಬೇಕು? ನಿಮ್ಮ ಕಾಲದಾಗ ಅರ್ಜೆಂಟ್ ಕಾಲ್ ಇರಲಿಲ್ಲೇನು?”

“ಇತ್ತು. ಅದರ ದರ ಗೋಡಿ ಮ್ಯಾಲೆ ಬರದಿತ್ತು. ಯಾರು ಬೇಕಾದ್ರೂ ಕೊಡಬಹುದಿತ್ತು. ಒಬ್ಬಾಂವನ ಹೊಟ್ಟಿ ಮ್ಯಾಲೆ ಹೊಡೀಲಿಕ್ಕೆ ನಾವು ಲೈನ್ ಕದ್ದು ಹಿಡೀತಿರಲಿಲ್ಲ.”

ಮಲಕಪ್ಪ ಮಾಂತುವಿನ ಮೇಲೆ ಸುಳ್ಳು ದೂರಿನ ಕೇಸು ಬರೆದರು. ಸದಾನಂದನನ್ನು ಬಿಟ್ಟರು.

“ನನ್ನ ಫೋನ್ ಹಾಳು ಮಾಡಿದ್ದಕ್ಕೆ ಯಾವ ಕೇಸ್ ಉಂಟು ಸಾರ್?” ಸದಾನಂದ ಕೇಳಿದ.

“ಅದಕ್ಕ ಸೆಕ್ಷನ್ ಇಲ್ಲಪ್ಪ.”

ಮಧ್ಯಾಹ್ನ ತಪಾಸಣೆಯ ಅಧಿಕಾರಿ ಬಂದ. ಪುಡಿಯಾದ ಡಬ್ಬಿ ನೋಡಿದ. ಯಾರ ಮಾತನ್ನು ಮೊದಲು ಕಳಿಸಬೇಕೆಂಬ ನಿಯಮ ತನ್ನ ಬಳಿಯೂ ಇಲ್ಲ ಎಂದ. ‘ಪರೀಕ್ಷಿಸಲು ಯಂತ್ರವಿಲ್ಲ’ ಎಂದು ಬರೆದು ಕಡತ ಮುಚ್ಚಿ ಹೊರಟುಹೋದ. ಬಸವಣ್ಣೆವ್ವ ಅವನ ಬೆನ್ನಿಗೇ ಬೈದಳು. ಅವನು ತಿರುಗಿ ನೋಡಲಿಲ್ಲ.

ಸಂಜೆಯೊಳಗೆ ಮಾಂತುವಿಗೆ ಜಾಮೀನು ಸಿಕ್ಕಿತು. ಚೌಕಿಯ ಮೆಟ್ಟಿಲಿಳಿದು ನೇರವಾಗಿ ಸದಾನಂದನ ಬೂತಿಗೆ ಬಂದ. ಮುಖದಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ.

“ಸೋಮವಾರ ಹೊಸಾ ಡಬ್ಬಿ ಬರ್ತದ. ನಿನಗ ಕನೆಕ್ಷನ್ ಬೇಕೋ ಬ್ಯಾಡೋ?”

ಅಲ್ಲೇ ಕೂತಿದ್ದ ಬಸವಣ್ಣೆವ್ವ, ತಡೆಯುವಂತೆ ಸದಾನಂದನ ತೋಳು ಹಿಡಿದಳು. ಆ ಗಲ್ಲಿಗೆ ಕಂಪನಿಯ ಏಜೆಂಟ್ ಅಂದರೆ ಮಾಂತು ಒಬ್ಬನೇ. ಅದು ಅವಳಿಗೂ ಗೊತ್ತಿತ್ತು.

“ಬೇಕು,” ಎಂದ ಸದಾನಂದ.

ಅವಳು ಕೈ ಬಿಟ್ಟಳು.