ನಂದು ಆಗಲೇ ಆತ್ರಿ

“ಮನಿ ಊಟ ಸಾಲವಲ್ದೇನ್ರಿ ನಿಮಗ?”

ಸುಂದರಾಬಾಯಿಯ ಖಾನಾವಳಿಯ ಹಿತ್ತಿಲ ಬಾಗಿಲಲ್ಲಿ ಸುಗಂಧಾ ತನ್ನ ಗಂಡನನ್ನು ಅಡ್ಡಗಟ್ಟಿ ನಿಂತಿದ್ದಳು. ೧೯೮೮ರ ಡಿಸೆಂಬರಿನ ಒಂದು ಶನಿವಾರ. ಚಿಕ್ಕೋಡಿಯ ಶಾಲೆಯಲ್ಲಿ ಅರ್ಧ ದಿನದ ಪಾಠ ಮುಗಿಸಿ, ಸದಲಗಾದಲ್ಲಿ ಬಸ್ಸಿಳಿದವಳು ಮನೆಗೂ ಹೋಗದೆ ನೇರ ಇಲ್ಲಿಗೇ ಬಂದಿದ್ದಳು.

ಪಾರಿಸ ಬಲಗೈಯನ್ನು ಬೆನ್ನ ಹಿಂದೆ ಮರೆಮಾಡಿದ. ಅಂಗಿಯ ತೋಳಿಗೆ ಹಿಟ್ಟು, ಹಣೆಗೆ ಮಸಿ.

“ಹಂಗಲ್ಲ ಸುಗಂಧಾ… ಮನಿಗಿ ನಡಿ, ಹೇಳ್ತೀನಿ.”

“ಇನ್ನೇನ್ ಹೇಳ್ತೀರಿ? ಹದಿನೈದು ದಿವ್ಸಾತು, ದಿನಾ ಮಧ್ಯಾಹ್ನ ಇಲ್ಲಿ ಬರಾಕತ್ತೀರಂತ. ‘ಅಕ್ಕೋರ, ನಿಮ್ಮ ಅಡಗಿ ಗಂಡಗ ಸೇರವಲ್ದೇನು?’ ಅಂತ ಬಾಜೂಮನಿ ಕಾಳವ್ವ ನನ್ನ ಮುಖದ ಮ್ಯಾಲೇ ಕೇಳಿದ್ಲು!”

ಧ್ವನಿಯಲ್ಲಿ ಸಿಟ್ಟಿತ್ತು. ಆದರೆ ಅವಳೊಳಗೆ ಸುಡುತ್ತಿದ್ದುದು ಸಿಟ್ಟಲ್ಲ.

‘ತಪ್ಪು ನನ್ನದೇ… ನಸುಕಿನಲ್ಲಿ ಮಾಡಿಟ್ಟ ತಣ್ಣನೆಯ ರೊಟ್ಟಿಯನ್ನು ಒಬ್ಬರೇ ಕುಳಿತು ಎಷ್ಟು ದಿನ ತಿಂದಾರು? ಊರ ಮಕ್ಕಳಿಗೆ ಪಾಠ ಹೇಳಹೋಗಿ ಮನೆಯವರನ್ನೇ ಹಸಿವಿನಲ್ಲಿಟ್ಟೆನಲ್ಲ!’

“ಸೋಮವಾರ ರಾಜೀನಾಮೆ ಕೊಡ್ತೀನ್ರಿ,” ಎಂದಳು. ಐದು ವರ್ಷ ಓದಿ, ಅಲೆದು ಪಡೆದ ಕೆಲಸ.

ಒಳಗಿನಿಂದ ಸುಂದರಾಬಾಯಿ ಸೆರಗಿಗೆ ಕೈಯೊರೆಸುತ್ತ ಬಂದಳು.

“ಅಯ್ಯ ಅಕ್ಕೋರ! ನಿಮ್ಮ ಮನಿಯವ್ರು ಇಲ್ಲಿ ಒಂದು ತುತ್ತೂ ಉಂಡಿಲ್ರಿ. ಉಳ್ಳಾಗಡ್ಡಿ ವಾಸನಿಗೇ ಮೂಗ ಮುಚ್ಕೊಳ್ಳೋರು, ಇಲ್ಲೇನ್ ಉಣ್ತಾರ? ರೊಟ್ಟಿ ಬಡಿಯೋದು ಕಲ್ಯಾಕ ಬರ್ತಾರ! ತಣ್ಣೀರಾಗ ಹಿಟ್ಟ ಕಲಿಸಿ, ಸೀಳಿದ ರೊಟ್ಟಿ ಎಲ್ಲಾ ನನ್ನ ಎಮ್ಮಿಗೆ ಹಾಕ್ಯಾರ. ಅದು ನೋಡ್ರಿ, ಹೆಂಗ ದಪ್ಪಾಗೇತಿ!”

ಸುಗಂಧಾ ಬೆರಗಾದಳು. ಗಂಡನ ಕೈಯನ್ನು ಹಿಡಿದು ಮುಂದಕ್ಕೆಳೆದಳು. ಮೂರು ಬೆರಳುಗಳ ತುದಿಯಲ್ಲಿ ಬೊಬ್ಬೆಗಳೆದ್ದಿದ್ದವು.

“ಇದೆಲ್ಲಾ ಯಾಕ್ರಿ…?”

ಪಾರಿಸ ಅವಳನ್ನೇ ನೋಡಿದ. ಬಹಳ ಮೆಲ್ಲಗೆ ಕೇಳಿದ.

“ನಿನ್ನಿ ಸಂಜಿಗೆ ನೀ ಉಂಡಿದ್ದೇನು?”

‘ನಂದು ಆಗಲೇ ಆತ್ರಿ’ ಎಂಬ ಎಂದಿನ ಮಾತು ನಾಲಿಗೆಯ ತುದಿಗೆ ಬಂತು. ಅಲ್ಲೇ ನಿಂತಿತು.

ಓದುಗರೇ, ಸುಗಂಧಾ ಮದುವೆಗೆ ಮೊದಲೇ, ಸೂರ್ಯಾಸ್ತದ ನಂತರ ಉಣ್ಣುವುದಿಲ್ಲವೆಂದು ಜೈನ ಮುನಿಗಳ ಮುಂದೆ ವ್ರತ ಸ್ವೀಕರಿಸಿದವಳು. ಅದು ಅವಳು ತಾನಾಗಿ ಒಪ್ಪಿದ ನಿಯಮ, ಅದಕ್ಕೆ ತಲೆಬಾಗೋಣ. ಆದರೆ ಇನ್ನೊಂದು ನಿಯಮವನ್ನು ತವರಿನವರು ಅವಳ ಉಡಿಯಲ್ಲಿ ಕಟ್ಟಿ ಕಳಿಸಿದ್ದರು: ಗಂಡ ಉಣ್ಣುವ ಮೊದಲು ಹೆಂಡತಿ ಉಣ್ಣಬಾರದು! ಅವಳ ಬಸ್ಸು ಬರುವುದು ಸಂಜೆ ಐದಕ್ಕೆ. ಆರಕ್ಕೆ ಸೂರ್ಯಾಸ್ತ. ಹಾಲಿನ ಡೇರಿಯಲ್ಲಿ ಹಾಲು ಅಳೆಯುವ ಪಾರಿಸ ಉಣ್ಣಲು ಬರುವುದು ಎಂಟಕ್ಕೆ. ಅವನಿಗಿಂತ ಮೊದಲು ಉಣ್ಣುವಂತಿಲ್ಲ, ಆಮೇಲೆ ಉಣ್ಣಲು ಹೊತ್ತಿಲ್ಲ. ಎರಡು ನಿಯಮಗಳ ನಡುವೆ ಒಂದು ಜೀವ ಎಂಟು ತಿಂಗಳು ರಾತ್ರಿಯ ಊಟವಿಲ್ಲದೆ ಮಲಗಿತು. ಇದನ್ನು ಪತಿಭಕ್ತಿಯೆಂದು ಹೊಗಳುವವರಿಗೆ ನಾಚಿಕೆಯಾಗಬೇಕು!

“ಅವತ್ತೊಂದಿನ ಡೇರಿ ಲೆಕ್ಕದ ಪುಸ್ತಕ ಮರತು ಹೋಗಿ, ಒಯ್ಯಾಕ ಮನಿಗಿ ಬಂದಿದ್ದೆ,” ಎಂದ ಪಾರಿಸ. “ಹೊತ್ತು ಮುಳುಗಿ ಅರ್ಧ ತಾಸಾಗಿತ್ತು. ಕಿಡಕ್ಯಾಗಿಂದ ನೋಡಿದೆ. ನೀ ಆಗಷ್ಟ ಒಲಿ ಮ್ಯಾಲೆ ಹಂಚು ಇಡಾಕತ್ತಿದ್ದಿ. ಎಂಟಕ್ಕ ಬಂದು ಕೂತ್ರ, ‘ನಂದು ಆಗಲೇ ಆತ್ರಿ’ ಅಂದಿ. ಯಾವಾಗ ಆತು ಸುಗಂಧಾ?”

ಅವಳು ಅವನ ಕೈ ಬಿಟ್ಟಳು.

“ಅದ ರೊಟ್ಟಿ ನಾ ಪೂರ್ತಿ ಉಂಡೆ. ಕೇಳಾಕ ಬಾಯಿ ಬರಲಿಲ್ಲ. ಡೇರಿ ಬಾಗಲಾ ತೆಗ್ಯೂದು ಆರಕ್ಕ. ನಾ ನಾಕಕ್ಕ ಹೋಗಿ ಕಟ್ಟಿ ಮ್ಯಾಲೆ ಹರಟಿ ಹೊಡೀತಿದ್ದೆ… ನೀ ಮನ್ಯಾಗ ಉಪವಾಸ! ನೀ ಬಸ್ಸಿಳಿದು ಬರೂದ್ರಾಗ ಅಡಗಿ ಆದ್ರ, ಇಬ್ಬರೂ ಹೊತ್ತಿದ್ದಾಗ ಉಣ್ಣಬಹುದಲ್ಲ ಅನಿಸ್ತು. ಅದಕ್ಕ ಕಲಿಯಾಕತ್ತೀನಿ.”

“ಯಾಕ್ರಿ ಹೇಳಲಿಲ್ಲ?”

“ಯಾವ ಮುಖ ಹೊತ್ತು ಹೇಳಲಿ? ಮೊದಲ ಒಂದು ರೊಟ್ಟಿ ನೆಟ್ಟಗ ಮಾಡಿ, ಆಮ್ಯಾಲೆ ತಪ್ಪಾತು ಅನ್ನಬೇಕಂತಿದ್ದೆ.”

ಸುಗಂಧಾಳ ಕಣ್ಣುಗಳು ತುಂಬಿದವು. ಆ ಕಣ್ಣೀರಿನಲ್ಲಿ ಪ್ರೀತಿಗಿಂತ ನಾಚಿಕೆಯೇ ಹೆಚ್ಚಿತ್ತು. ದಿನವೂ ಕಪ್ಪುಹಲಗೆಯ ಮೇಲೆ ‘ಸತ್ಯವನ್ನೇ ನುಡಿಯಬೇಕು’ ಎಂದು ಮಕ್ಕಳಿಗಾಗಿ ಬರೆಯುವ ಕೈ ಅವಳದು. ಅದೇ ಕೈ ದಿನವೂ ರಾತ್ರಿ ಸುಳ್ಳಿನ ಜೊತೆ ಗಂಡನ ತಾಟಿಗೆ ರೊಟ್ಟಿ ಬಡಿಸಿತ್ತು! ‘ಹಸಿವಾಗಿದೆ ಎಂಬ ಒಂದು ಮಾತನ್ನು ನಾನು ಹೇಳಿದ್ದರೆ, ಇವರನ್ನು ಅಪರಾಧಿಯನ್ನಾಗಿ ಮಾಡುತ್ತಿದ್ದೆನೇ…?’

“ನಂದೂ ತಪ್ಪೈತ್ರಿ,” ಎಂದಳು.

“ಅಳೂದು ಸಾಕ್ರಿ ಅಕ್ಕೋರ,” ಎಂದಳು ಸುಂದರಾಬಾಯಿ. “ಮನಿಗಿ ಕರ್ಕೊಂಡ್ ಹೋಗ್ರಿ ಇವ್ರನ್ನ. ನನ್ನ ಜ್ವಾಳದ ಚೀಲರ ಉಳೀಲಿ!”

ಅಂದು ಸಂಜೆ ಐದಕ್ಕೆ ಪಾರಿಸ ಒಲೆ ಹೊತ್ತಿಸಿದ. ಹೆಂಡತಿಯನ್ನು ಹೊಸ್ತಿಲ ಆಚೆ ಕೂರಿಸಿದ. ಕುದಿಯುವ ನೀರನ್ನು ಹಿಟ್ಟಿಗೆ ಸುರಿದು, ಕೈ ಸುಟ್ಟುಕೊಳ್ಳುತ್ತ ನಾದಿದ. ಮೊದಲ ರೊಟ್ಟಿ ಎತ್ತುವಾಗಲೇ ಹರಿಯಿತು. ಎರಡನೆಯದು ಹಂಚಿನವರೆಗೆ ತಲುಪಿತು.

“ಇದು ಯಾವ ಜಿಲ್ಲಾ ನಕಾಶೆ ಐತ್ರಿ?” ಎಂದಳು ಸುಗಂಧಾ.

“ಸುಮ್ನ ಕುಂದರ ಬೇ! ಮೂರನೇದು ನೋಡ.”

ಮೂರನೆಯದು ಹಂಚಿನ ಮೇಲೆ ಉಬ್ಬಿತು! ಆ ರೊಟ್ಟಿಯನ್ನೂ, ಕಡಲೆಹಿಟ್ಟು ಅಲ್ಲಲ್ಲಿ ಗಂಟುಕಟ್ಟಿದ ಝುಣಕದ ಪಲ್ಯವನ್ನೂ ಅವಳ ಮುಂದಿಟ್ಟ. ಬಿಸಿಲು ಎದುರುಮನೆಯ ಮಾಳಿಗೆಯ ಅಂಚಿಗೆ ಸರಿದಿತ್ತು.

“ಮೊದಲ ನೀವು ಉಣ್ರಿ…”

“ಎಂಟು ತಿಂಗಳು ನಾ ಮೊದಲ ಉಂಡೀನಿ. ಇವತ್ತ ನೀ ಕೈ ಹಚ್ಚೂತನಕ ನಾ ಮುಟ್ಟಂಗಿಲ್ಲ. ಹೊತ್ತು ಮುಳುಗಿದ್ರ ಇಬ್ಬರೂ ಉಪವಾಸ.”

ತಾಯಿಯ ಮುಖ ಕಣ್ಣಮುಂದೆ ಬಂತು. ಆದರೆ ಎದುರಿಗೆ ಬೊಬ್ಬೆಯೆದ್ದ ಬೆರಳುಗಳಿದ್ದವು. ಸುಗಂಧಾ ರೊಟ್ಟಿ ಮುರಿದಳು. ಮದುವೆಯಾದಂದಿನಿಂದ ಮೊದಲ ಬಾರಿಗೆ, ಗಂಡನಿಗಿಂತ ಮೊದಲು ತುತ್ತು ಬಾಯಿಗಿಟ್ಟಳು.

“ಹೆಂಗೈತಿ?” ಉಸಿರು ಬಿಗಿಹಿಡಿದು ಕೇಳಿದ.

‘ಚಲೋ ಐತ್ರಿ’ ಎಂದುಬಿಡುವುದು ಎಷ್ಟು ಸುಲಭ!

“…ಉಪ್ಪ ಹಾಕಿಲ್ರಿ.”

ಪಾರಿಸ ಹಣೆ ಚಚ್ಚಿಕೊಂಡ. ಉಪ್ಪಿನ ಡಬ್ಬಿ ತಂದು ಅವಳ ಪಕ್ಕದಲ್ಲೇ ಕುಳಿತು, ತಾನೂ ಒಂದು ತುತ್ತು ಮುರಿದ.

“ರಾಜೀನಾಮೆ?”

“ಕೊಡಂಗಿಲ್ರಿ.”

“ಇನ್ನೊಂದು ರೊಟ್ಟಿ ಹಾಕ್ಲೇನು? ಖರೇ ಹೇಳ.”

ಅವಳು ತಲೆ ತಗ್ಗಿಸಲಿಲ್ಲ. ಅವನ ಕಣ್ಣನ್ನೇ ನೋಡಿ ಹೇಳಿದಳು.

“ಹಾಕ್ರಿ. ನನಗ ಭಾಳ ಹಸಿವಾಗೇತಿ.”